ಊರಿಗೆ ಮರಳಿದ ಮೇಲಿನ ಒತ್ತಡಕ್ಕೆ ಆನ್‌ಲೈನ್ ಆಪ್ತಸಮಾಲೋಚನೆ ಒದಗುತ್ತದೆಯೇ?

ಪ್ರಶ್ನೆ: ಚಿಂತಾಮಣಿ ನಿವಾಸಿ

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿ, ಕಳೆದ ವರ್ಷ ರಾಜೀನಾಮೆ ಕೊಟ್ಟು ಚಿಂತಾಮಣಿಗೆ ಬಂದು ನೆಲೆಸಿದವಳು. ಅತ್ತೆಯವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದರಿಂದ ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕಾಯಿತು. ಯಜಮಾನರ ಸಂಬಳ ನನ್ನದಕ್ಕಿಂತ ಹೆಚ್ಚಿದ್ದುದರಿಂದ ಕೆಲಸ ಬಿಡಬೇಕಾದವಳು ನಾನೇ ಎಂಬುದು, ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿಬಿಟ್ಟಿತು. ಅವರು ವಾರದ ದಿನಗಳಲ್ಲಿ ಬೆಂಗಳೂರಿನಲ್ಲಿದ್ದು ಶನಿವಾರ ಬರುತ್ತಾರೆ.

ಅತ್ತೆಯವರನ್ನು ನೋಡಿಕೊಳ್ಳುವುದರಲ್ಲಿ ನನಗೆ ಬೇಸರವಿಲ್ಲ. ಅವರೂ ನನ್ನನ್ನು ಮಗಳಂತೆಯೇ ಕಂಡವರು. ಆದರೆ ಅಲ್ಲಿ ನನಗೊಂದು ಹೆಸರಿತ್ತು. ನಾನು ಸರಿ ಎಂದ ಮೇಲೆಯೇ ಸಾಫ್ಟ್‌ವೇರಿನ ಒಂದು ಹೊಸ ಆವೃತ್ತಿ ಹೊರಗೆ ಹೋಗುತ್ತಿತ್ತು. ಇಲ್ಲಿ ತರಕಾರಿ ಅಂಗಡಿಯವರಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರಿಗೂ ನಾನು 'ಮೇಷ್ಟ್ರ ಸೊಸೆ'. ಮಾವನವರು ಊರಿಗೆ ಬೇಕಾಗಿದ್ದವರು, ಆ ಮಾತಿನಲ್ಲಿ ಗೌರವವೇ ಇದೆ ಎಂಬುದೂ ಗೊತ್ತು. ಹಾಗಿದ್ದರೂ ಕಳೆದ ಕೆಲವು ತಿಂಗಳಿಂದ, ಯಾರಾದರೂ 'ಈಗ ಏನು ಮಾಡ್ಕೊಂಡಿದ್ದೀರಾ?' ಎಂದು ಕೇಳಿದ ಕೂಡಲೇ ಎದೆ ಬಡಿದುಕೊಳ್ಳುತ್ತದೆ, ಉತ್ತರ ಹೊರಡುವುದಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮಗನ ಹೋಂವರ್ಕ್ ನೋಡುವಾಗ ಸಣ್ಣ ತಪ್ಪಿಗೂ ರೇಗುತ್ತೇನೆ, ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ.

ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ ಎಂದು ಗೊತ್ತು. ಆದರೆ ಬಸ್ಸಿನಲ್ಲಿ, ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ, ಮೆಡಿಕಲ್ ಶಾಪಿನಲ್ಲಿ ಗುರುತಿನವರು ಸಿಗದೆ ಇರುವುದಿಲ್ಲ, ಮತ್ತು ಮಾತು ನನಗಿಂತ ಮೊದಲು ಮನೆ ಸೇರುತ್ತದೆ. ಆದ್ದರಿಂದ ಆನ್‌ಲೈನ್ ಆಪ್ತಸಮಾಲೋಚನೆಯ ಬಗ್ಗೆ ಯೋಚಿಸುತ್ತಿದ್ದೇನೆ. ಒಂದು ಆ್ಯಪ್ ತೆರೆದು ನೋಡಿದರೆ ನಗುಮುಖದ ಫೋಟೋಗಳ ಕೆಳಗೆ ಲೈಫ್ ಕೋಚ್, ಹೀಲರ್, ವೆಲ್‌ನೆಸ್ ಎಕ್ಸ್‌ಪರ್ಟ್ ಎಂದೆಲ್ಲ ಇದೆ. ಯಾರು ಕಲಿತವರು, ಯಾರು ಅಲ್ಲ ಎಂದು ತಿಳಿಯುವ ಬಗೆ ಕಾಣಲಿಲ್ಲ. ನನ್ನದು ಕಾಯಿಲೆಯೇ ಅಲ್ಲದಿರಬಹುದು, ಬರೀ ಬದುಕಿನ ಬದಲಾವಣೆಯಿರಬಹುದು. ಅಂಥದ್ದಕ್ಕೆ ಫೋನಿನಲ್ಲಿ ಮಾತಾಡಿ ಪ್ರಯೋಜನವಿದೆಯೇ? ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಆಡಿ ಬೆಳೆದವಳು ಯಾವ ಭಾಷೆಯವರನ್ನು ಹುಡುಕಬೇಕು? ಅತ್ತೆಯವರ ಮಂಚ ನಡುಮನೆಯಲ್ಲೇ ಇರುವುದರಿಂದ ಅವರಿಗೆ ಕೇಳಿಸದಂತೆ ಮಾತಾಡುವುದು ಹೇಗೆ ಎಂಬುದೂ ಒಂದು ಚಿಂತೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಮಾರಿಕುಪ್ಪಂ ಪ್ಯಾಸೆಂಜರ್, ಕೆ.ಜಿ.ಎಫ್.

ಮೇಡಂ, ನನಗೆ ಪ್ರಯೋಜನವಾಗಿದೆ. ಹೇಗಾಯಿತು ಎಂಬುದನ್ನು ಹೇಳಿದರೆ ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೂ ಉತ್ತರ ಸಿಗಬಹುದು.

ನಮ್ಮದು ಗಣಿ ಕೆಲಸದ ಮನೆತನ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನಮ್ಮ ತಂದೆಯವರು ಸಂಬಳ ನಿಂತದ್ದಕ್ಕಿಂತ ಪಾಳಿ ನಿಂತದ್ದಕ್ಕೆ ಹೆಚ್ಚು ಕಂಗಾಲಾದರು. ನೆಲದಡಿಯಲ್ಲಿ ತಾನೊಬ್ಬ ಕೈ ಪಳಗಿದ ಕೆಲಸಗಾರ ಎಂಬ ಹೆಮ್ಮೆಯೊಂದೇ ಅವರ ಆಸ್ತಿಯಾಗಿತ್ತು. ಆ ಕಾಲದಲ್ಲಿ ನಮ್ಮ ಲೈನಿನ, ಎಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಯಾರಿಗೂ ಸಮಾಲೋಚನೆ ಎಂಬುದೊಂದು ಇದೆ ಎಂದು ತಿಳಿದಿರಲಿಲ್ಲ. ಸಾರಾಯಿ ಅಂಗಡಿ ತಿಳಿದಿತ್ತು. ಮುಂದೆ ನಾನು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರ ಪೈಕಿ ಒಬ್ಬನಾದೆ. ಐವತ್ತರ ಹತ್ತಿರ ಬಂದಾಗ ಕಂಪನಿಯವರು ನಮ್ಮ ವಿಭಾಗವನ್ನೇ ಎತ್ತಿಹಾಕಿದರು. ಕೆಲಸ ಹೋದ ಮೇಲೂ ನಾಲ್ಕು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದು ಶರ್ಟಿಗೆ ಇಸ್ತ್ರಿ ಹಾಕಿ, ತೊಟ್ಟುಕೊಂಡು, ಹೋಗಲು ಜಾಗವಿಲ್ಲದೆ ಅದನ್ನೇ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದೆ. ನನ್ನ ಮುಖದಲ್ಲಿ ತಂದೆಯವರ ಮುಖ ಕಾಣತೊಡಗಿದೆ ಎಂದು ಮನೆಯವಳು ಹೆದರಿ, ಅವಳ ತಮ್ಮನಿಂದ ಹೇಳಿಸಿ ಆನ್‌ಲೈನ್ ಸಮಾಲೋಚನೆಗೆ ಹಚ್ಚಿದಳು.

ಮೊದಲು ಸಿಕ್ಕವರು ಇಂಗ್ಲಿಷಿನವರು. ಒಳ್ಳೆಯವರೇ, ಆದರೆ ಇಂಗ್ಲಿಷಿನಲ್ಲಿ ನಾನು ಮ್ಯಾನೇಜರಿಗೆ ವರದಿ ಒಪ್ಪಿಸಿದಂತೆ ಮಾತಾಡುತ್ತಿದ್ದೆ. ನಮ್ಮ ಮನೆಮಾತು ತಮಿಳು. ತಮಿಳು ಬಲ್ಲವರನ್ನು ಕೇಳಿ ಪಡೆದುಕೊಂಡ ಮೇಲೆ, ಆ ಮೊದಲ ಮಾತುಕತೆಯಲ್ಲಿಯೇ ತಂದೆಯವರ ಸಾವಿನ ವಿಷಯ ತಾನಾಗಿ ಹೊರಬಂತು. ಕೋಲಾರದಲ್ಲಿ ಕುಳಿತು ನಮಗೆ ಬೇಕಾದ ಭಾಷೆಯವರನ್ನು ಬೇರೆ ರಾಜ್ಯದಿಂದ ಹುಡುಕಿಕೊಳ್ಳಬಹುದು ಎಂಬುದೇ ಆನ್‌ಲೈನಿನ ದೊಡ್ಡ ಉಪಕಾರ ಎಂದು ನನ್ನ ಅಭಿಪ್ರಾಯ. ಮನೆಯಲ್ಲೇ ಕುಳಿತು ಮಾತಾಡಬಹುದೆಂಬ ಅನುಕೂಲ ಆಮೇಲಿನದು. ನೀವು ಅಳುವಾಗ ಯಾವ ಭಾಷೆಯಲ್ಲಿ ಗೊಣಗಿಕೊಳ್ಳುತ್ತೀರೋ ಆ ಭಾಷೆಯವರನ್ನು ಹುಡುಕಿ.

ಅವರು ನನಗೆ ಹೇಳಿದ್ದು ಬಹಳ ಸರಳವಾಗಿತ್ತು. ನಾಲ್ಕಕ್ಕೆ ಏಳುವುದನ್ನು ಬಿಡಬೇಡಿ, ಆ ಹೊತ್ತಿಗೆ ಒಂದು ಕೆಲಸ ಕೊಡಿ ಎಂದರು. ಈಗ ಐದೂವರೆಗೆ ನಮ್ಮ ಲೈನಿನ ಹತ್ತನೇ ತರಗತಿಯ ಮಕ್ಕಳು ಬರುತ್ತಾರೆ, ಲೆಕ್ಕ ಹೇಳಿಕೊಡುತ್ತೇನೆ. ಇಸ್ತ್ರಿ ಹಾಕಿದ ಶರ್ಟು ತೊಟ್ಟೇ ಕುಳಿತುಕೊಳ್ಳುತ್ತೇನೆ. ಬೇರೆ ಕೆಲಸವೂ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಡಿಮೆ.

ಸ್ಥಳದ ವಿಷಯ: ಗಣಿ ಕ್ವಾರ್ಟರ್ಸಿನಲ್ಲಿ ಗುಟ್ಟು ಎಂಬುದಿಲ್ಲ. ಮೊದಮೊದಲು ಸೈನೈಡ್ ಗುಡ್ಡದ, ಎಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ರಾಶಿಯ, ಪಕ್ಕ ಸ್ಕೂಟರ್ ನಿಲ್ಲಿಸಿ ಅದರ ಮೇಲೆ ಕುಳಿತು ಮಾತಾಡಿದೆ. ಗಾಳಿ ಎದ್ದರೆ ಮೈಕಿನಲ್ಲಿ ಬರೀ ಗೊರಗೊರ, ಕಣ್ಣಿಗೆ ದೂಳು; ನಾನು ಕಣ್ಣು ಉಜ್ಜಿಕೊಂಡರೆ ಅವರು ಅಳುತ್ತಿದ್ದೇನೆಂದು ತಿಳಿದು ಸುಮ್ಮನಾಗುತ್ತಿದ್ದರು. ಆಮೇಲೆ ಸ್ನೇಹಿತನ ಫೋಟೋ ಸ್ಟುಡಿಯೋದಲ್ಲಿ, ಮಧ್ಯಾಹ್ನ ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ಶಟರ್ ಅರ್ಧ ಎಳೆದು ಕೂರುತ್ತಿದ್ದೆ. ವಿಡಿಯೋ ಪದೇಪದೇ ನಿಂತುಹೋಗುತ್ತಿದ್ದುದರಿಂದ ಬರೀ ಧ್ವನಿಯಲ್ಲಿ ಮುಂದುವರಿಸಿದೆವು, ಅದೇ ಒಳ್ಳೆಯದಾಯಿತು. ಪರದೆಯ ಮೂಲೆಯಲ್ಲಿ ನಮ್ಮ ಮುಖವನ್ನೇ ನಾವು ನೋಡಿಕೊಂಡು ದುಃಖ ಹೇಳಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಕುಳಿತವರಿಗೇ ಗೊತ್ತು.

ಉತ್ತರ: ನಿವೃತ್ತ ಮೇಷ್ಟ್ರು, ಮಾಲೂರು

ತಾಯಿ, ನಿಮ್ಮ ಪತ್ರ ಓದಿ ಮನಸ್ಸಿಗೆ ನೋವಾಯಿತು. ನಾನು ಈ ಆನ್‌ಲೈನ್ ವ್ಯವಸ್ಥೆಯನ್ನು ಅಲ್ಲಗಳೆಯುವವನಲ್ಲ, ಆದರೆ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬಯಸುತ್ತೇನೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಸರ್ಕಾರ ನಡೆಸುತ್ತಿರುವುದು ನಮ್ಮ ರಾಜ್ಯದ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ ಪ್ರಯೋಗದ ಮಾದರಿಯಲ್ಲಿ. 1996ರಲ್ಲಿ ದೇಶ ಅದನ್ನು ಕೈಗೆತ್ತಿಕೊಂಡಿತು. ಅದರ ಉದ್ದೇಶವೇ ಜನರು ಬೆಂಗಳೂರಿಗೆ ಅಲೆಯದೆ ತಮ್ಮ ಊರಿನ ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ತೋರಿಸಿಕೊಳ್ಳಲಿ ಎಂಬುದು. ಓದಿದವರು, ನಾಲ್ಕು ಕಾಸು ಉಳ್ಳವರು ಮುಚ್ಚಿದ ಬಾಗಿಲ ಹಿಂದೆ ಫೋನಿನಲ್ಲಿ ಮಾತಾಡಿ ಮುಗಿಸಿಕೊಂಡರೆ, ಸರ್ಕಾರಿ ಆಸ್ಪತ್ರೆಯ ಆ ಕೊಠಡಿಯ ಮುಂದಿನ ಬೆಂಚಿನಲ್ಲಿ ಕೂರುವವರಿಗೆ ಅಂಟಿದ ಕಳಂಕ ಎಂದಿಗೂ ಹೋಗುವುದಿಲ್ಲ. ಸಕ್ಕರೆ ಕಾಯಿಲೆಗೆ ಚೀಟಿ ಬರೆಸಲು ಯಾರೂ ಮುಸುಕು ಹಾಕಿಕೊಂಡು ಹೋಗುವುದಿಲ್ಲವಲ್ಲ.

ಇನ್ನೊಂದು ಮಾತು. ನಿಮಗೆ ಬೇಕಾಗಿರುವುದು ಕೇಳುವ ಕಿವಿ ಮಾತ್ರವಲ್ಲ, ಮನೆಯಿಂದ ಎರಡು ಗಂಟೆ ಹೊರಗೆ ಬರುವ ಅವಕಾಶ ಎಂದು ನನಗೆ ತೋರುತ್ತದೆ. ಕಂಪ್ಯೂಟರ್ ಬಲ್ಲವರು ಸುತ್ತಲಿನ ಶಾಲೆಗಳಿಗೆ ಬೇಕಾಗಿದ್ದಾರೆ. ಕೈವಾರಕ್ಕೆ ಹೋಗಿ ಒಂದು ಗಂಟೆ ಕುಳಿತು ಬಂದರೂ ಮನಸ್ಸು ಹಗುರವಾಗುತ್ತದೆ. ಇದನ್ನು ಹಳೆಯ ಕಾಲದವನ ಮಾತು ಎಂದು ತಳ್ಳಿಹಾಕಬೇಡಿ.

ಉತ್ತರ: ಆಪ್ತಸಮಾಲೋಚಕಿ, ತುಮಕೂರು

ನನ್ನ ವೃತ್ತಿಯೇ ಇದಾದ್ದರಿಂದ ಆ ಪಕ್ಷಪಾತವನ್ನು ಕಳೆದು ಓದಿಕೊಳ್ಳಿ. ತುಮಕೂರಿನಲ್ಲಿ ಎದುರಾಎದುರು ಕುಳಿತೂ, ಆನ್‌ಲೈನಿನಲ್ಲಿಯೂ ನಾನು ಜನರೊಂದಿಗೆ ಮಾತಾಡುತ್ತೇನೆ.

ಮೊದಲು 'ಕಾಯಿಲೆಯಲ್ಲದಿರಬಹುದು, ಬರೀ ಬದಲಾವಣೆ' ಎಂಬ ನಿಮ್ಮ ಮಾತಿನ ಬಗ್ಗೆ. ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳ ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಹೊಂದಿಕೊಳ್ಳಲು ಬೇಕಾಗುವ ಶ್ರಮವನ್ನು ಅಂಕದಲ್ಲಿ ಸೂಚಿಸಿದರು. ಸಂಗಾತಿಯ ಸಾವಿಗೆ 100, ಮದುವೆಗೆ 50, ನಿವೃತ್ತಿಗೆ 45. ಮದುವೆಯಂಥ ಸಂತೋಷದ ಸಂಗತಿಯೂ ಅದರಲ್ಲಿದೆ ಎಂಬುದನ್ನು ಗಮನಿಸಿ; ಘಟನೆ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ದಿನಚರಿ ಎಷ್ಟು ಬದಲಾಯಿತು ಎಂಬುದೇ ಅವರ ಲೆಕ್ಕ. ನೀವು ಬರೆದದ್ದನ್ನು ಆ ಪಟ್ಟಿಗೆ ಹೊಂದಿಸಿದರೆ, ಮನೆಯವರ ಆರೋಗ್ಯದಲ್ಲಿ ಬದಲಾವಣೆಗೆ 44, ಹಣಕಾಸಿನ ಸ್ಥಿತಿ ಬದಲಾದದ್ದಕ್ಕೆ 38, ಕೆಲಸ ಬಿಟ್ಟದ್ದಕ್ಕೆ 26, ಜೀವನಕ್ರಮ ಬದಲಾದದ್ದಕ್ಕೆ 25, ಮನೆ ಬದಲಿಸಿದ್ದಕ್ಕೆ 20, ಒಟ್ಟು 153 ಆಗುತ್ತದೆ. 150 ದಾಟಿದರೆ ಆರೋಗ್ಯ ಕೆಡುವ ಸಂಭವ ಹೆಚ್ಚು ಎಂದು ಅವರು ಎಣಿಸಿದ್ದರು. ಕೆಲಸ ಬಿಡುವ ಆ ಅಂಶವನ್ನು ಪಟ್ಟಿಯಲ್ಲಿ 'ಹೆಂಡತಿ ಕೆಲಸಕ್ಕೆ ಸೇರುವುದು ಅಥವಾ ಬಿಡುವುದು' ಎಂದು ಗಂಡನ ಕಡೆಯಿಂದಲೇ ಬರೆದಿದ್ದಾರೆ. ಬಿಟ್ಟವಳ ಕಡೆಯಿಂದ ಬರೆದಿದ್ದರೆ ಅಂಕ ಇನ್ನೂ ಹೆಚ್ಚಿರುತ್ತಿತ್ತೇನೋ. ಹಳೆಯ ಪಟ್ಟಿ, ಪರದೇಶದ್ದು, ಅದೇ ಕೊನೆಯ ಮಾತಲ್ಲ. ಆದರೂ ಕಾಯಿಲೆಯಲ್ಲದ ಬದಲಾವಣೆಗಳೂ ಒಟ್ಟಿಗೆ ಬಂದು ಎರಗಿದರೆ ಭಾರವಾಗುತ್ತವೆ ಎಂಬುದನ್ನು ತೋರಿಸಲು ಸಾಕು. ಸಹಾಯ ಕೇಳಲು ಕಾಯಿಲೆಯಾಗುವ ತನಕ ಕಾಯಬೇಕಾಗಿಲ್ಲ.

ಈಗ ಯಾರನ್ನು ನಂಬಬೇಕೆಂಬ ಪ್ರಶ್ನೆ. ಇದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ನಮ್ಮ ದೇಶದಲ್ಲಿ ಕೌನ್ಸೆಲರ್ ಎಂಬ ಬೋರ್ಡು ಹಾಕಿಕೊಳ್ಳುವುದಕ್ಕೆ ಇಲ್ಲಿಯ ತನಕ ಹೆಚ್ಚಿನ ಅಡ್ಡಿಯಿರಲಿಲ್ಲ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನು ಒಂದು ಶಿಸ್ತಿಗೆ ತರಲು ಹೊರಟಿದೆ. ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಓದಿದವರು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುವವರು. ಮಾತ್ರೆ ಬರೆದುಕೊಡುವ ಅಧಿಕಾರ ವೈದ್ಯರದ್ದು ಮಾತ್ರ. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ದೂರದಿಂದ ನೋಡುವ ವೈದ್ಯರೂ ಆ ಸಂಖ್ಯೆಯನ್ನು ತಿಳಿಸಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತ್ರೆಯಿಲ್ಲದೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು) ಎಂದು ಹೇಳಿಕೊಳ್ಳುವವರು 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು, ಆ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬಹುದು. ನನ್ನಂಥ ಆಪ್ತಸಮಾಲೋಚಕರಾದರೆ ಮನಶ್ಶಾಸ್ತ್ರದಲ್ಲಿ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇದೆಯೇ, ಯಾರ ಕೈಕೆಳಗೆ ತರಬೇತಿಯಾಯಿತು, ಈಗಲೂ ಹಿರಿಯರೊಬ್ಬರ ಮೇಲ್ವಿಚಾರಣೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರನ್ನು ಅಲ್ಲಿಗೇ ಬಿಡಿ. ಹೀಲರ್ ಎಂದು ಬರೆದುಕೊಂಡವರಿಗೆ ಎಷ್ಟು ನಕ್ಷತ್ರ ಬಿದ್ದಿವೆ ಎಂಬುದರಿಂದ ಏನೂ ತಿಳಿಯುವುದಿಲ್ಲ.

ಗುಟ್ಟಿನ ವಿಷಯದಲ್ಲಿ, 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದು ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿ ಇದೆ, ಆ ವಿನಾಯಿತಿಯನ್ನು ಒಳ್ಳೆಯ ಸಮಾಲೋಚಕರು ಮೊದಲ ಭೇಟಿಯಲ್ಲಿಯೇ ವಿವರಿಸುತ್ತಾರೆ. ಆದರೆ ವ್ಯಕ್ತಿ ಗುಟ್ಟು ಕಾಪಾಡಿದರೂ ಆ್ಯಪ್ ಕಾಪಾಡದೆ ಹೋಗಬಹುದು. ಅಮೆರಿಕದ ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಸಮಾಲೋಚನಾ ಸಂಸ್ಥೆ ತನ್ನ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ, ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ 78 ಲಕ್ಷ ಡಾಲರ್ ಕಟ್ಟುವಂತೆ ಮಾಡಿತು. ಆದ್ದರಿಂದ ಆ್ಯಪ್ ನಿಮ್ಮ ಸಂಪರ್ಕಪಟ್ಟಿ, ಫೋಟೋಗಳಿಗೆ ಅನುಮತಿ ಕೇಳಿದರೆ ಕೊಡಬೇಡಿ. ಮಾತುಕತೆಯನ್ನು ರೆಕಾರ್ಡ್ ಮಾಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಆ್ಯಪ್ ಇಲ್ಲದೆ ನೇರವಾಗಿ ಸಮಾಲೋಚಕರ ಬಳಿಯೇ ಸಮಯ ಪಡೆಯಿರಿ. ನನಗೆ ಈ ಕೊನೆಯ ದಾರಿಯೇ ಹೆಚ್ಚು ಹಿಡಿಸುತ್ತದೆ.

ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯದು. ಮೊದಲ ಸಲ ಹೆಚ್ಚಾಗಿ ನಿಮ್ಮ ಕಥೆ ಕೇಳುವುದರಲ್ಲೇ ಮುಗಿಯುತ್ತದೆ, ದುಡ್ಡು ದಂಡವಾಯಿತು ಎಂದುಕೊಳ್ಳಬೇಡಿ. ಆಮೇಲೆ ನಿಮ್ಮಂಥ ಸಂದರ್ಭದಲ್ಲಿ ನಾನಾಗಿದ್ದರೆ ಆ ಒಂದು ಪ್ರಶ್ನೆಯನ್ನೇ ಹಿಡಿದುಕೊಳ್ಳುತ್ತಿದ್ದೆ. 'ಈಗ ಏನು ಮಾಡ್ಕೊಂಡಿದ್ದೀರಾ?' ಎಂದು ಅಂಗಡಿಯವರು ಕೇಳಿದ ಕೂಡಲೇ, ಎದೆ ಬಡಿದುಕೊಳ್ಳುವುದಕ್ಕೆ ಮುಂಚೆ, ಮನಸ್ಸಿನಲ್ಲಿ ಹಾದುಹೋಗುವ ವಾಕ್ಯ ಯಾವುದು? 'ನಾನೀಗ ಯಾರೂ ಅಲ್ಲ' ಎಂದೋ, 'ಇವರು ನನ್ನನ್ನು ಕನಿಕರದಿಂದ ನೋಡುತ್ತಿದ್ದಾರೆ' ಎಂದೋ ಏನೋ ಒಂದು ಇರುತ್ತದೆ. ಅದನ್ನು ಅದೇ ದಿನ ಪುಸ್ತಕದಲ್ಲಿ ಬರೆದಿಟ್ಟು, ಆ ವಾಕ್ಯಕ್ಕೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಇಬ್ಬರೂ ಕುಳಿತು ನೋಡುವುದು, ಬಳಿಕ ನೀವು ನಿಜವಾಗಿ ಕೊಡಬಯಸುವ ಉತ್ತರವನ್ನು ಬಾಯಿಯಿಂದ ಆಡಿ ಅಭ್ಯಾಸ ಮಾಡುವುದು, ಹೀಗೆ ಕೆಲಸ ಸಾಗುತ್ತದೆ. ಟೆಸ್ಟಿಂಗ್ ಮಾಡಿದವರಿಗೆ ಈ ಬಗೆಯ ವಿಚಾರಣೆ ಹೊಸದೇನಲ್ಲ. ಇಂಥ ಕೆಲಸ ಆನ್‌ಲೈನಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಚಿಕ್ಕ ಮಕ್ಕಳೊಂದಿಗೆ, ತೀವ್ರ ಕಾಯಿಲೆಯಲ್ಲಿರುವವರೊಂದಿಗೆ, ಮನೆಯಲ್ಲಿ ಹೊಡೆತ ತಿನ್ನುತ್ತಿರುವವರೊಂದಿಗೆ ಆನ್‌ಲೈನ್ ಸಾಲದು ಎಂಬುದು ನನ್ನ ಅನುಭವ.

ಸಮಾಲೋಚನೆ ಮಾಡಲಾಗದ್ದೂ ಒಂದಿದೆ. ಮನೆಯ ಹೊಣೆ ಒಬ್ಬರ ಮೇಲೆ ಮಾತ್ರ ಬಿದ್ದಿರುವಾಗ, ಅದನ್ನು ನಗುನಗುತ್ತಾ ಹೊರುವಂತೆ ನಿಮ್ಮನ್ನು ತಿದ್ದುವುದು ಸಮಾಲೋಚಕರ ಕೆಲಸವಲ್ಲ. ಮಾಲೂರಿನ ಮೇಷ್ಟ್ರು ಹೇಳಿದ ಎರಡು ಗಂಟೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಎರಡು ಗಂಟೆಗೆ ಅತ್ತೆಯವರ ಬಳಿ ಯಾರು ಇರಬೇಕು ಎಂಬುದನ್ನು ಯಜಮಾನರೊಂದಿಗೆ ಕುಳಿತು ತೀರ್ಮಾನಿಸಬೇಕಾಗುತ್ತದೆ.

ಇದರ ಜೊತೆಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆಯಿಂದಲೂ ಸುಸ್ತು, ಸಿಡುಕು, ನಿದ್ದೆಗೇಡು ಬರುತ್ತವೆ. ಬೇಸರ ಎರಡು ವಾರಕ್ಕೂ ಮೀರಿ ದಿನವಿಡೀ ಹಾಗೆಯೇ ಉಳಿದರೆ, ಊಟ ಸೇರದಿದ್ದರೆ, ಬದುಕಿರುವುದೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ ಸಮಾಲೋಚಕರಲ್ಲೇ ನಿಲ್ಲದೆ ಮನೋವೈದ್ಯರನ್ನು ಕಾಣಬೇಕು. ಆ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತಾಡಬಹುದು, ಅಗತ್ಯವಿದ್ದರೆ ಅವರೇ ತಜ್ಞರಿಗೆ ಕರೆ ವರ್ಗಾಯಿಸುತ್ತಾರೆ. ವಾರವಾರವೂ ಅದೇ ವ್ಯಕ್ತಿಯೊಂದಿಗೆ ಮುಂದುವರಿಯುವ ಸಮಾಲೋಚನೆಗೆ ಅದು ಬದಲಿಯಲ್ಲ, ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಒದಗುವುದು ಅದೇ.

ಉತ್ತರ: ಹಾಸ್ಟೆಲ್ ಹುಡುಗ, ತುಮಕೂರು

ನನ್ನ ಸಂದರ್ಭ ಬೇರೆ, ಆದರೆ ಯಾರನ್ನು ನಂಬಬೇಕೆಂಬ ಪ್ರಶ್ನೆಗೆ ಸಂಬಂಧಿಸಿದ್ದರಿಂದ ಬರೆಯುತ್ತಿದ್ದೇನೆ. ನಾನು ಹುಡುಗರನ್ನು ಇಷ್ಟಪಡುವವನು. ಅದನ್ನು ಮನೆಯಲ್ಲಿ ಹೇಳುವ ಮೊದಲು ಯಾರೊಂದಿಗಾದರೂ ಮಾತಾಡಬೇಕೆನಿಸಿ ಆನ್‌ಲೈನಿನಲ್ಲಿ ಒಬ್ಬರನ್ನು ಹಿಡಿದೆ. ಅವರು ಎರಡನೆಯ ಮಾತಿಗೇ 'ಇದು ವಯಸ್ಸಿನ ಗೊಂದಲ, ಮದುವೆಯಾದರೆ ಸರಿಹೋಗುತ್ತದೆ, ಇದಕ್ಕೊಂದು ಪ್ಯಾಕೇಜ್ ಇದೆ' ಎಂದರು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿಯೇ ಇದು ಕಾಯಿಲೆಯಲ್ಲ ಎಂದು ಹೇಳಿದೆ. ಸುಪ್ರೀಂ ಕೋರ್ಟು ಅದೇ ವರ್ಷ ಸೆಪ್ಟೆಂಬರ್ 6ರಂದು ಇದು ಅಪರಾಧವಲ್ಲ ಎಂದು ತೀರ್ಪು ಕೊಟ್ಟಿದೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇರೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ 'ಬದಲಾಯಿಸುವ ಚಿಕಿತ್ಸೆ'ಯನ್ನು ವೈದ್ಯರ ವೃತ್ತಿದುರ್ನಡತೆ ಎಂದು ಸಾರಿದೆ. ಇವೆಲ್ಲ ಆಗ ನನಗೆ ಗೊತ್ತಿರಲಿಲ್ಲ.

ಈಗಿನ ಸಮಾಲೋಚಕರಿಗೆ ಹಣ ಕಟ್ಟುವ ಮೊದಲೇ ಒಂದು ಸಂದೇಶ ಕಳುಹಿಸಿ, ನನ್ನ ವಿಷಯದಲ್ಲಿ ನಿಮ್ಮ ನಿಲುವೇನು ಎಂದು ಕೇಳಿದ್ದೆ. ಅವರು ಮೂರೇ ಸಾಲಿನಲ್ಲಿ ಸ್ಪಷ್ಟವಾಗಿ ಉತ್ತರಿಸಿದರು. ನೀವೂ ಹಾಗೆಯೇ ಮಾಡಿ ಅಕ್ಕ. ಕೆಲಸ ಬಿಟ್ಟು ಬಂದ ಸೊಸೆಯೆಂದರೆ 'ಸಂಸಾರ ಎಂದರೆ ಹೊಂದಿಕೊಂಡು ಹೋಗಬೇಕು' ಎಂದು ಬೋಧಿಸುವವರೂ ಇರುತ್ತಾರೆ. ಒಂದು ಸಂದೇಶದಲ್ಲಿ ಅವರ ಧೋರಣೆ ಗೊತ್ತಾಗಿಬಿಡುತ್ತದೆ. ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ. ಮಾತಾಡಲಾಗದ ದಿನ ನಾನು ಟೈಪ್ ಮಾಡಿ ಸಮಾಲೋಚನೆ ನಡೆಸಿದ್ದೂ ಇದೆ. ನಿಧಾನ, ಆದರೆ ಪಕ್ಕದಲ್ಲಿರುವವರಿಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು: ಚಿಂತಾಮಣಿ ನಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಮ್ಮಾ, ನಿನ್ನ ಧೈರ್ಯ ದೊಡ್ಡದು.

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ನ್ಯಾಯವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಊರಿನ ಕಳಂಕ ತೊಳೆಯುವ ಹೊಣೆಯನ್ನು, ನಿದ್ದೆಯಿಲ್ಲದೆ ಬಳಲಿರುವವಳೊಬ್ಬಳು ಮೊದಲ ದಿನವೇ ಹೊರಬೇಕೆಂದರೆ ಹೇಗೆ? ಮೊದಲು ನಾನು ಎದ್ದು ನಿಲ್ಲುತ್ತೇನೆ, ಆ ಬೆಂಚಿನ ವಿಷಯ ಆಮೇಲೆ ನೋಡೋಣ. ಹತ್ತಿರದ ಶಾಲೆಯಲ್ಲಿ ಕಂಪ್ಯೂಟರ್ ಪಾಠದ ಬಗ್ಗೆ ವಿಚಾರಿಸುತ್ತೇನೆ.

ತೆಲುಗು ಕನ್ನಡ ಎರಡೂ ಬಲ್ಲ, ಪುನರ್ವಸತಿ ಪರಿಷತ್ತಿನ ನೋಂದಣಿಯಿರುವ ಒಬ್ಬರು ಸಿಕ್ಕಿದ್ದಾರೆ. ಸಂಖ್ಯೆಯನ್ನು ಜಾಲತಾಣದಲ್ಲಿ ಹುಡುಕಿದೆ, ಹೆಸರು ಇದೆ. ಹುಡುಗ ಹೇಳಿದಂತೆ ಸಂದೇಶವನ್ನೂ ಕಳುಹಿಸಿದ್ದೇನೆ. ಉಳಿದಿರುವ ತೊಡಕು ಎರಡು. ಈಗ ನನಗೆ ಸ್ವಂತ ಸಂಪಾದನೆಯಿಲ್ಲ, ಹಣ ಯಜಮಾನರ ಖಾತೆಯಿಂದಲೇ ಹೋಗಬೇಕು, ಅವರ ಮೊಬೈಲಿಗೆ ಸಂದೇಶ ಬರುತ್ತದೆ. ಅವರಿಗೆ ಹೇಳದೆ ಮಾಡಲು ಮನಸ್ಸು ಒಪ್ಪದು, ಹೇಳಿದರೆ 'ನಾನೇನು ಕಡಿಮೆ ಮಾಡಿದೆ?' ಎಂದು ನೊಂದುಕೊಳ್ಳುತ್ತಾರೆ. ಇನ್ನೊಂದು, ಅತ್ತೆಯವರಿಗೆ ಫಿಸಿಯೋಥೆರಪಿಯವರು ಬರುವ ಹೊತ್ತಿನಲ್ಲಿ ಮಾತ್ರ ನಾನು ಮಹಡಿಗೆ ಹೋಗಲು ಸಾಧ್ಯ. ಅಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ.

ಉತ್ತರ: ಆಪ್ತಸಮಾಲೋಚಕಿ, ತುಮಕೂರು

ಯಜಮಾನರಿಗೆ ಹೇಳುವಾಗ ದೂರಿನಿಂದ ಆರಂಭಿಸಬೇಡಿ, ನಿದ್ದೆಯಿಂದ ಆರಂಭಿಸಿ. 'ಮೂರು ಗಂಟೆಗೆ ಎಚ್ಚರವಾಗುತ್ತಿದೆ, ಮಗನ ಮೇಲೆ ರೇಗುತ್ತಿದ್ದೇನೆ, ಒಬ್ಬರ ಹತ್ತಿರ ಕೆಲವು ವಾರ ಮಾತಾಡಬೇಕೆಂದಿದ್ದೇನೆ, ಖರ್ಚು ಇಷ್ಟಾಗುತ್ತದೆ' ಎಂದಷ್ಟೇ ಹೇಳಿ. ಏನು ಮಾತಾಡುತ್ತೀರಿ ಎಂಬುದನ್ನು ಹೇಳಬೇಕಾದ ಕಟ್ಟುಪಾಡು ನಿಮಗಿಲ್ಲ. ಅವರು ನೊಂದುಕೊಂಡರೆ ಅದನ್ನು ಆ ಕ್ಷಣವೇ ಸರಿಮಾಡಲು ಹೋಗಬೇಡಿ. ಅದೂ ಮುಂದೆ ಸಮಾಲೋಚನೆಯಲ್ಲಿ ಬರಬೇಕಾದ ವಿಷಯವೇ. ಮುಂದೆ ಎಂದಾದರೂ ಅವರನ್ನೂ ಒಂದು ಭೇಟಿಗೆ ಕರೆಯಬಹುದು. ಶನಿವಾರದ ಸಮಯವನ್ನು ಸಮಾಲೋಚಕರ ಬಳಿ ಕೇಳಿ ನೋಡಿ, ಆ ದಿನ ಅತ್ತೆಯವರ ಬಳಿ ಮಗನೇ ಇರುತ್ತಾರಲ್ಲ.

ಶುಲ್ಕ ಭಾರವಾದರೆ ಕಡಿಮೆ ಮಾಡುವ ಅವಕಾಶವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ನಮ್ಮಲ್ಲಿ ಅನೇಕರು ಮಾಡಿಕೊಡುತ್ತೇವೆ. ವಾರಕ್ಕೊಮ್ಮೆ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಇಟ್ಟುಕೊಳ್ಳಿ.

ಉತ್ತರ: ಮಾರಿಕುಪ್ಪಂ ಪ್ಯಾಸೆಂಜರ್, ಕೆ.ಜಿ.ಎಫ್.

ಮೇಡಂ, ನೆಟ್‌ವರ್ಕ್ ಬಂದು ಹೋಗಿ ಮಾಡುವ ಕಡೆ ಇಂಟರ್‌ನೆಟ್ ಕರೆಯನ್ನು ನೆಚ್ಚಬೇಡಿ, ಮಾಮೂಲು ಫೋನ್ ಕರೆಯೇ ಮಾಡಲು ಹೇಳಿ. ಮೈಕ್ ಇರುವ ವೈರಿನ ಇಯರ್‌ಫೋನ್ ಇದ್ದರೆ ಸಣ್ಣ ದನಿಯಲ್ಲಿ ಮಾತಾಡಿದರೂ ಅವರಿಗೆ ಕೇಳಿಸುತ್ತದೆ. ಮಹಡಿಯಲ್ಲಿ ಒಗೆದ ಬಟ್ಟೆ ಹರವುವ ಕಡೆ ಕುಳಿತರೆ ದನಿ ಗೋಡೆಗೆ ಬಡಿದು ಕೆಳಗೆ ಹೋಗುವುದಿಲ್ಲ, ಯಾರಾದರೂ ಬಂದರೂ ಅಲ್ಲಿರಲು ನಿಮಗೊಂದು ಕಾರಣವಿರುತ್ತದೆ. ಮಾತಿನ ನಡುವೆ ಸಂಪರ್ಕ ಕಡಿದರೆ ನೀವು ಮತ್ತೆ ಕರೆ ಮಾಡಬೇಕೋ, ಅವರು ಮಾಡುತ್ತಾರೋ, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಅಳುತ್ತಿರುವಾಗ ಫೋನು ಕಡಿದುಹೋದರೆ, ಅವರೇ ಇಟ್ಟುಬಿಟ್ಟರೇನೋ ಎಂಬ ಸಂಶಯ ಬಹಳ ಕಾಡುತ್ತದೆ.